ಸ್ವಭಾವಲಕ್ಷಣಗಳ ಅತಿವ್ಯಾಪ್ತಿ

ವಸ್ತುವಿನ ಲಕ್ಷಣವನ್ನು ಹೇಳುವಲ್ಲಿ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವವೆಂಬ ಮೂರು ದೋಷಗಳು ಬರಬಹುದೆಂದು ತರ್ಕಶಾಸ್ತ್ರವು ಎಚ್ಚರಿಸುತ್ತದೆ. ‘ಕೊಂಬುಳ್ಳದ್ದು ಹಸು’ ಎಂದರೆ ಎಮ್ಮೆಯೂ ಹಸುವಾಗುತ್ತದೆ, ಇದು ಅತಿವ್ಯಾಪ್ತಿ. ‘ಕಂದು ಬಣ್ಣದ್ದು ಹಸು’ ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ‘ಒಂಟಿ ಗೊರಸಿನದು’ ಎಂದರೆ ಅಸಂಭವ. ಗಂಗೆದೊಗಲನ್ನು ಹೇಳಿದಾಗಲೇ ಲಕ್ಷಣವು ನಿಲ್ಲುತ್ತದೆ. ಮನುಷ್ಯಸ್ವಭಾವವನ್ನು ವರ್ಣಿಸುವ ಮಾತುಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತ.

ಯುಗಾದಿಯಂದು ಗದಗ-ಬೆಟಗೇರಿಯಲ್ಲಿ ಪಂಚಾಂಗದ ರಾಶಿಫಲವನ್ನು ಓದಿಸಿ ಕೇಳುವವರುಂಟು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಓಣಿಗಳಲ್ಲಿ ಬುಡಬುಡಿಕೆಯವನು “ಎಷ್ಟು ಉಪಕಾರ ಮಾಡಿದರೂ ನಿಮ್ಮ ಕೈಗೆ ಯಶಸ್ಸಿಲ್ಲ, ತಾಯೀ” ಎಂದೊಡನೆ ಗೃಹಿಣಿಯು ಮೊರದ ತುಂಬ ಜೋಳ ತರುತ್ತಾಳೆ. ಇಂದಿನ ತರುಣರು ಜನರನ್ನು ಹದಿನಾರು ಬಗೆಯಾಗಿ ವಿಂಗಡಿಸುವ ಪ್ರಶ್ನಾವಳಿಗೆ ಮೊಬೈಲಿನಲ್ಲಿ ಉತ್ತರಿಸಿ, ತಮ್ಮ ‘ಬಗೆ’ಯನ್ನು ತಿಳಿದು ಹಿಗ್ಗುತ್ತಾರೆ. ‘ಹೊರಗೆ ಗಟ್ಟಿ, ಒಳಗೆ ಮೃದು’ ಎಂದರೆ ಅಲ್ಲಗಳೆಯುವವರಾರು?

1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 39 ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಒಬ್ಬೊಬ್ಬರಿಗೂ ಅವರವರದೇ ಎಂದು ಹೇಳಿ ಸ್ವಭಾವವರ್ಣನೆಯನ್ನು ಕೊಟ್ಟನು. ಅದು ಸರಿಯೆಂದು ಅವರು ನೀಡಿದ ಅಂಕಗಳ ಸರಾಸರಿ 5ಕ್ಕೆ 4.26. ಎಲ್ಲರಿಗೂ ಕೊಟ್ಟದ್ದಾದರೋ ಒಂದೇ ಬರಹ! ಅದರ ಬಹುಭಾಗ ಜ್ಯೋತಿಷದ ಪುಸ್ತಕದಿಂದ ಆಯ್ದುದು. ಎಲ್ಲರಿಗೂ ಸಲ್ಲುವುದು ಯಾರೊಬ್ಬರ ಲಕ್ಷಣವೂ ಅಲ್ಲ.

ಹಾಗೆಂದು ವರ್ಗೀಕರಣವೆಲ್ಲ ವ್ಯರ್ಥವೆನ್ನಲಾಗದು. ಆಲಂಕಾರಿಕರು ನಾಯಕರನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತರೆಂದು ವಿಂಗಡಿಸಿದರು. ಒಬ್ಬನಿಗೆ ಸಂದದ್ದು ಮತ್ತೊಬ್ಬನಿಗೆ ಸಲ್ಲದಾದ್ದರಿಂದ ಅದು ಸಾರ್ಥಕ. ಆದರೂ ಗದುಗಿನ ಕುಮಾರವ್ಯಾಸನು ಭೀಮನನ್ನು ಉದ್ಧತನೆಂದಷ್ಟೇ ಕಂಡು ಸುಮ್ಮನಾಗಲಿಲ್ಲ. ದ್ರೌಪದಿಯ ಕಣ್ಣೀರಿಗೆ ಆತನ ಎದೆ ಕರಗುವುದನ್ನೂ ಕಾಣಿಸಿದನು.

ಈ ವಿಚಾರವು ಶಾಲೆಗೆ ಹೊರಗಿನದಲ್ಲ. ‘ಮಂದ’, ‘ಸಾಧಾರಣ’ ಎಂಬ ಒಂದೇ ಪದದಿಂದ ಬಾಲಕನ ಭವಿಷ್ಯವನ್ನು ಅಳೆಯುವುದು ಅವ್ಯಾಪ್ತಿಗೆ ಸಮಾನವಾದ ದೋಷ. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರನ್ನು ‘ಅಂಧ’ರೆಂದರೆ ಮಾತು ಸುಳ್ಳಲ್ಲ; ಆದರೆ ಅವರಲ್ಲಿದ್ದುದು ಅಷ್ಟೇ ಆಗಿರಲಿಲ್ಲ. ಪಂಚಾಕ್ಷರ ಗವಾಯಿಗಳು ಆ ಶಿಷ್ಯನ ನಾದವನ್ನು ಗುರುತಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ನಾಡಿಗೆ ಸಂಗೀತದ ಮನೆಯಾಯಿತು. 2010ರಲ್ಲಿ ಪುಟ್ಟರಾಜ ಗವಾಯಿಗಳಿಗೆ ಪದ್ಮಭೂಷಣ ಸಂದಿತು.

ಆದ್ದರಿಂದ ಮಗುವಿನ ಕುರಿತು ಒಂದು ವಾಕ್ಯವನ್ನು ಬರೆಯುವ ಮುನ್ನ ಶಿಕ್ಷಕರೂ ಪಾಲಕರೂ ಕೇಳಿಕೊಳ್ಳಬೇಕಾದುದಿಷ್ಟೆ: ಈ ಮಾತು ಪಕ್ಕದ ಮಗುವಿಗೂ ಸಲ್ಲುವುದೆ? ಸಲ್ಲುವುದಾದರೆ ಆ ಮಗುವನ್ನು ಅವರಿನ್ನೂ ನೋಡಿಯೇ ಇಲ್ಲ.