ಬಾಗಿಲಲ್ಲಿ ಕಾಯುವ ಮಾಣಿ

ಹೋಟೆಲಿನಲ್ಲಿ ಕುಳಿತೊಡನೆ ನೀರಿನ ಲೋಟವನ್ನು ತಂದಿಟ್ಟು, “ಏನು ಕೊಡಲಿ, ಸ್ವಾಮೀ?” ಎಂದು ಕೇಳುವ ಮಾಣಿಯನ್ನು ನಮ್ಮ ಜನ ‘ಸರ್ವರ್’ ಎಂದೂ ಕರೆಯುವುದುಂಟು. ಕಂಪ್ಯೂಟರಿನ ಮುಂದೆ ಕುಳಿತ ಮಗನೋ ಮಗಳೋ “ಸರ್ವರ್ ಶುರುಮಾಡಿದೆ” ಎಂದರೆ ಮನೆಯ ಹಿರಿಯರು ಬೆರಗಾಗಬೇಕಾಗಿಲ್ಲ. ಇದೂ ಅದೇ ಊಳಿಗ. ಬಾಗಿಲಲ್ಲಿ ಕಾದು ನಿಲ್ಲುವುದು, ಕೇಳಿದವರಿಗೆ ಕೇಳಿದುದನ್ನು ತಂದುಕೊಡುವುದು, ಇಲ್ಲದಿದ್ದರೆ 404 ಎಂಬ ಸಂಕೇತವನ್ನು ಹೇಳಿ ಕೈಯಾಡಿಸುವುದು. ಇಷ್ಟೇ ಅದರ ಕಾಯಕ.

ಈ ಮಾಣಿಯನ್ನು ನೇಮಿಸಿಕೊಳ್ಳುವುದು ಬಹು ಸುಲಭ. ಗೀಡೊ ವಾನ್ ರಾಸಮ್ ಎಂಬ ಡಚ್ ತಜ್ಞರು 1991ರಲ್ಲಿ ಹೊರತಂದ ಪೈಥಾನ್ ಭಾಷೆಯನ್ನು ಯಂತ್ರದಲ್ಲಿ ಸ್ಥಾಪಿಸಿಕೊಂಡವರಿಗೆ ಒಂದು ಪುಟ್ಟ ಸರ್ವರ್ ಅದರೊಡನೆಯೇ ಲಭಿಸುತ್ತದೆ. ಆಜ್ಞೆಗಳನ್ನು ಬರೆಯುವ ಟರ್ಮಿನಲ್ಲನ್ನು ತೆರೆದು, ‘ಸಿಡಿ’ ಎಂಬ ಎರಡಕ್ಷರದ ಆಜ್ಞೆಯಿಂದ ಬೇಕಾದ ಫೋಲ್ಡರನ್ನು ಹೊಗಬೇಕು. ಬಳಿಕ ಪೈಥಾನಿನ ಹೆಸರು, ಒಂದು ಅಡ್ಡಗೆರೆಯೊಡನೆ ‘ಎಮ್’ ಅಕ್ಷರ, ಅದರ ಮುಂದೆ ‘ಎಚ್‌ಟಿಟಿಪಿ ಡಾಟ್ ಸರ್ವರ್’ ಎಂದು ಬರೆದು ಎಂಟರ್ ಕೀಲಿಯನ್ನು ಒತ್ತಿದರಾಯಿತು. ಒಂದು ಸಾಲು ಮೂಡಿ ಪರದೆ ಸುಮ್ಮನಾಗುತ್ತದೆ. ಯಂತ್ರ ಕೆಟ್ಟಿತೆಂದು ಹೊಸಬರು ಅಂಜುವರು. ವಾಸ್ತವವಾಗಿ ಮಾಣಿ ಗಿರಾಕಿಗಾಗಿ ಕಾದಿರುವನು. ಅದೇ ಯಂತ್ರದ ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆದು, ಒಂದರ ಮೇಲೊಂದು ಎರಡು ಚುಕ್ಕಿಗಳನ್ನಿಟ್ಟು, 8000 ಎಂದು ಸೇರಿಸಿದರೆ ಫೋಲ್ಡರಿನಲ್ಲಿರುವುದೆಲ್ಲವೂ ಕಣ್ಣೆದುರು ನಿಲ್ಲುತ್ತದೆ. ಈ 8000 ಎಂಬುದು ಬಾಗಿಲಿನ ಸಂಖ್ಯೆ. ಆ ಬಾಗಿಲಲ್ಲಿ ಮತ್ತೊಂದು ಪ್ರೋಗ್ರಾಂ ಮೊದಲೇ ನಿಂತಿದ್ದರೆ ಸರ್ವರ್ ಆರಂಭವಾಗದು. ಆಜ್ಞೆಯ ಕೊನೆಯಲ್ಲಿ 8080ನ್ನೋ ಮತ್ತೊಂದನ್ನೋ ಸೂಚಿಸಬೇಕು. ಕೆಲಸ ಮುಗಿದಾಗ ಕಂಟ್ರೋಲ್ ಮತ್ತು ‘ಸಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮಾಣಿಗೆ ಬಿಡುಗಡೆ.

ಇಷ್ಟು ಸುಲಭವಾದುದರಲ್ಲಿಯೇ ಅಪಾಯವೂ ಅಡಗಿದೆ. ಬೇರೆ ಅಪ್ಪಣೆ ಇಲ್ಲದಿದ್ದರೆ ಈ ಮಾಣಿ ಮನೆಯೊಡೆಯನ ಕರೆಗೆ ಮಾತ್ರವಲ್ಲ, ಯಂತ್ರವು ಸೇರಿರುವ ಜಾಲದ ಎಲ್ಲ ದಿಕ್ಕಿನ ಕರೆಗೂ ಓಗೊಡುತ್ತಾನೆ. ಹಾಸ್ಟೆಲಿನಲ್ಲಿಯೋ ಕಾಫಿ ಅಂಗಡಿಯಲ್ಲಿಯೋ ಅದೇ ವೈಫೈ ಬಳಸುತ್ತಿರುವ ಅಪರಿಚಿತನೊಬ್ಬ, ಫೈರ್‌ವಾಲ್ ಎಂಬ ಕಾವಲು ಅಡ್ಡ ಬಾರದಿದ್ದರೆ, ಒಳಗಿನ ಪಟ್ಟಿಯನ್ನು ಓದಬಲ್ಲ. ಆ ಫೋಲ್ಡರಿನಲ್ಲಿ ಆಧಾರ್ ಕಾರ್ಡಿನ ಪ್ರತಿ, ಬ್ಯಾಂಕಿನ ಲೆಕ್ಕ, ಮನೆಮಂದಿಯ ಭಾವಚಿತ್ರಗಳಿದ್ದರೆ? “ನೀವು ಯಾರು?” ಎಂದು ಕೇಳುವ ಪದ್ಧತಿ ಈ ಮಾಣಿಗಿಲ್ಲ, ಕೇಳಿದ್ದನ್ನು ಬಡಿಸಿಬಿಡುತ್ತಾನೆ. ಸಾರ್ವಜನಿಕ ಸೇವೆಗೆ ಇದು ತಕ್ಕುದಲ್ಲವೆಂದು ಪೈಥಾನಿನ ಕೈಪಿಡಿಯೇ ಎಚ್ಚರಿಸಿದೆ.

ಪರಿಹಾರವೂ ಕಠಿಣವಲ್ಲ. ಆಜ್ಞೆಯ ತುದಿಗೆ ಎರಡು ಅಡ್ಡಗೆರೆಗಳೊಡನೆ ‘ಬೈಂಡ್’ ಎಂದು ಬರೆದು 127.0.0.1 ಎಂಬ ಅಂಕಿಯನ್ನು ಸೇರಿಸಬೇಕು. ಪ್ರತಿಯೊಂದು ಯಂತ್ರಕ್ಕೂ ಈ ಅಂಕಿಯ ಅರ್ಥ ‘ನಾನೇ’ ಎಂದು. ಆಗ ಹೊರಗಿನವರ ಕರೆ ಒಳಕ್ಕೆ ಮುಟ್ಟದು. ಅಭ್ಯಾಸಕ್ಕೆಂದು ಬೇರೆಯೇ ಒಂದು ಫೋಲ್ಡರನ್ನು ಮೀಸಲಿಡುವುದು ಇನ್ನೂ ಲೇಸು.

ಮಕ್ಕಳ ಈ ವಿದ್ಯೆಯನ್ನು ಕಂಡು ಹಿರಿಯರು ಹಿಗ್ಗಲಿ. ಜೊತೆಗೆ ಎರಡು ಮಾತನ್ನು ತಪ್ಪದೆ ಕೇಳಲಿ: “ಮಾಣಿಯನ್ನು ಯಾವ ಕೋಣೆಯಲ್ಲಿ ನಿಲ್ಲಿಸಿದೆ, ಮಗು? ಬಾಗಿಲನ್ನು ಯಾರಿಗೆ ತೆರೆದೆ?”