ಹವೆಯನ್ನರಸಿ ಬರುವವರು

ಸಮಶೀತೋಷ್ಣವಾದ ಹವೆಯನ್ನು ಬಯಸಿ ಬೆಂಗಳೂರಿನಲ್ಲಿ ಮನೆಮಾಡುವ ಸಂಪ್ರದಾಯವು ಹೊಸತಲ್ಲ. ಶ್ರೀರಂಗಪಟ್ಟಣದ ಚಳಿಜ್ವರಕ್ಕೆ ಬೆದರಿದ ಆಂಗ್ಲರ ದಂಡು 1809ರಲ್ಲಿ ಇಲ್ಲಿಗೆ ಬಂದು ನೆಲಸಿತು. ತರುವಾಯ ಪಿಂಚಣಿದಾರರು ಬಂದರು. ಸುಮಾರು 3,000 ಅಡಿ ಎತ್ತರದ ನೆಲ, ಕೆರೆಗಳ ತಂಪು, ಸಾಲುಮರಗಳ ನೆರಳು, ಇವು ಮೂರೂ ಕೂಡಿ ಆದ ಹವೆಯಿದು. ಎತ್ತರವೊಂದನ್ನು ಯಾರೂ ಕೆಡಿಸಲಾರರು. ಮಿಕ್ಕೆರಡನ್ನು ಕೆಡಿಸುವುದರಲ್ಲಿ ಹವೆಯನ್ನು ಮೆಚ್ಚಿ ಬಂದವರೂ ಹಿಂದುಳಿಯಲಿಲ್ಲ. ಧರ್ಮಾಂಬುಧಿ ಕೆರೆಯಿದ್ದೆಡೆಯಲ್ಲಿ ಇಂದು ಬಸ್ಸು ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದೆಡೆಯಲ್ಲಿ ಕ್ರೀಡಾಂಗಣ. 2016ರ ಏಪ್ರಿಲಿನಲ್ಲಿ ಪಾದರಸವು 39.2 ಡಿಗ್ರಿ ಸೆಲ್ಸಿಯಸ್ಸಿಗೇರಿತು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಬಡಾವಣೆಗಳು ನೀರಿನ ಲಾರಿಗೆ ಕಾದು ನಿಂತವು.

ಜನ ಹೆಚ್ಚಿದ ಮೇಲೆ ಮನೆ ಕಟ್ಟದಿರಲಾದೀತೆ ಎಂದು ಆಕ್ಷೇಪಿಸುವವರುಂಟು. ಅನ್ನಕ್ಕಾಗಿ ಬಂದ ಬಡವನು ಈ ಮಾತನ್ನಾಡಿದರೆ ಒಪ್ಪತಕ್ಕದ್ದೇ. ಸುಖಕ್ಕಾಗಿ ಬಂದು, ಅಂಗಳಕ್ಕೆಲ್ಲ ಗಾರೆ ಬಳಿಸಿ, ಎಲೆಯುದುರುವುದೆಂದು ಬೀದಿಯ ಮರವನ್ನು ಕಡಿಸುವ ಮಹಾಶಯರ ಬಾಯಲ್ಲಿ ಅದು ಶೋಭಿಸದು. ಇಂಥವರೇ ಈಗ ಬೆಂಗಳೂರು ಕೆಟ್ಟಿತೆಂದು ಗೊಣಗುತ್ತ ಮಡಿಕೇರಿಯ ಸುತ್ತಣ ಇಳಿಜಾರುಗಳಲ್ಲಿ ನಿವೇಶನ ಹುಡುಕುತ್ತಿದ್ದಾರೆ. 2018ರ ಆಗಸ್ಟಿನಲ್ಲಿ ಆ ಸೀಮೆಯ ಬೆಟ್ಟಗಳು ಮನೆಗಳ ಸಮೇತ ಜರಿದುದು ಇವರರಿಯದ ಸಂಗತಿಯೆ? ಅಲ್ಲಿಯೂ ಮೊದಲು ಮರ ಕಡಿಸಿ ನೆಲವನ್ನು ಮಟ್ಟಮಾಡಿಸುತ್ತಾರೆ. ಕಿಟಕಿಯಿಂದ ಬೆಟ್ಟ ಕಾಣಬೇಕಲ್ಲ!