ಬಣ್ಣ ಬಳಿದರೆ ಸೋರಿಕೆ ನಿಲ್ಲದು

ಮಳೆ ತುಸು ಬಿಡುವು ಕೊಟ್ಟು ದಸರಾ, ದೀಪಾವಳಿ ಹತ್ತಿರವಾದಂತೆ ನಮ್ಮ ಊರುಗಳಲ್ಲಿ ಬಣ್ಣದಂಗಡಿಗಳು ತುಂಬುತ್ತವೆ. ತಾರಸಿ ಸೋರಿ ಗೋಡೆಯ ಮೇಲೆ ಮೂಡಿದ ಕಪ್ಪು ಬೂಷ್ಟು ನೆಂಟರ ಕಣ್ಣಿಗೆ ಬೀಳಬಾರದಲ್ಲ! ಎರಡು ಕೋಟು ಬಳಿದರೆ ಗೋಡೆ ಹೊಸದಾಯಿತೆಂಬ ನೆಮ್ಮದಿ. ಈ ನೆಮ್ಮದಿಯೇ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

2022ರ ಆಗಸ್ಟ್ ಕೊನೆಯಲ್ಲಿ ರಾಮನಗರ, ಚನ್ನಪಟ್ಟಣಗಳ ಮನೆಗಳಿಗೆ ನೆರೆ ನುಗ್ಗಿದಾಗ ನೆರವಿಗೆ ಜನ ಬಂದರು, ಮಂತ್ರಿಗಳೂ ಬಂದರು. ಸೂರಿನಿಂದ ಹನಿಹನಿಯಾಗಿ ಇಳಿಯುವ ನೀರಿಗೆ ಯಾರೂ ಬರುವುದಿಲ್ಲ. ಅದನ್ನು ಮನೆಯವರೇ ನೋಡಿಕೊಳ್ಳಬೇಕು.

ಬೂಷ್ಟು ಕಲೆಯಲ್ಲ, ಜೀವಿ; ಒಂದು ಬಗೆಯ ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಅವು ಮೊಳೆಯಲು ಬೇಕಾದದ್ದು ತೇವ ಮಾತ್ರ. ನೆನೆದ ಜಾಗವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಅದು ಬಹುಮಟ್ಟಿಗೆ ಹುಟ್ಟುವುದೇ ಇಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದೆ. ಗೋಡೆಗೆ ಒತ್ತಿಕೊಂಡು ಮಲಗುವವರು ಮಕ್ಕಳು, ಮುದುಕರು ಎಂಬುದನ್ನು ಮರೆಯಬಾರದು.

ಈ ತಿಳಿವಳಿಕೆ ನಮ್ಮ ಸೀಮೆಗೆ ಹೊಸದಲ್ಲ. ಕನಕಪುರ, ಮಾಗಡಿ ಕಡೆಯ ರೇಷ್ಮೆ ಬೆಳೆಗಾರರನ್ನು ಕೇಳಿರಿ. ತಂಪು, ತೇವ ಹೆಚ್ಚಾದರೆ ಹುಳುಗಳಿಗೆ ಸುಣ್ಣಕಟ್ಟು ರೋಗ ತಗಲುತ್ತದೆ, ಅದೂ ಶಿಲೀಂಧ್ರದ್ದೇ. ಅದಕ್ಕಾಗಿ ಅವರು ಹುಳುಮನೆಯಲ್ಲಿ ಗಾಳಿಯಾಡಿಸುತ್ತಾರೆ, ಸುಣ್ಣದ ಪುಡಿ ಉದುರಿಸಿ ತೇವ ಹೀರಿಸುತ್ತಾರೆ. ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳು ಹಾಲೆಮರವನ್ನು ಚೆನ್ನಾಗಿ ಒಣಗಿಸದೆ ಕಡೆಯುವುದಿಲ್ಲ, ಅರಗಿನ ಬಣ್ಣ ಹಚ್ಚುವುದಿಲ್ಲ. ಹುಳುವಿಗೂ ಗೊಂಬೆಗೂ ಸಲ್ಲುವ ಈ ಎಚ್ಚರ ಮನುಷ್ಯರು ಮಲಗುವ ಕೋಣೆಗೆ ಏಕಿಲ್ಲ?

ಮಾಡಬೇಕಾದದ್ದು ಕಷ್ಟವೇನಲ್ಲ, ಆದರೆ ಕ್ರಮ ತಪ್ಪಬಾರದು. ಸೋರುವ ನೀರು ಫ್ಯಾನು, ದೀಪ, ಸ್ವಿಚ್ಚುಗಳ ಬಳಿ ಇಳಿದಿದ್ದರೆ ಮೊದಲು ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ನನನ್ನು ಕರೆಯಿರಿ. ತಾರಸಿಯ ತರಗೆಲೆ ಗುಡಿಸಿ, ನೀರು ಹೋಗುವ ಕೊಳವೆ ಬಿಡಿಸಿ, ಬಿರುಕು ಮುಚ್ಚಿಸಿರಿ. ಬೀರು, ಮಂಚಗಳನ್ನು ಗೋಡೆಯಿಂದ ಒಂದು ಗೇಣು ಸರಿಸಿರಿ. ಬಿಸಿಲಿದ್ದಾಗ ಕಿಟಕಿ ತೆರೆದು, ಮಳೆ ಬಂದಾಗ ಮುಚ್ಚಿರಿ. ಬೂಷ್ಟು ಬಂದಿದ್ದರೆ ಮೂಗು ಬಾಯಿಗೆ ಮಾಸ್ಕ್, ಕೈಗೆ ಗವಸು ಹಾಕಿ ಸೋಪಿನ ನೀರಿನಿಂದ ಉಜ್ಜಿ ತೊಳೆದು ಒಣಗಿಸಿರಿ. ಬ್ಲೀಚಿಂಗ್ ಪುಡಿಯನ್ನು ಕಕ್ಕಸು ತೊಳೆಯುವ ಆಸಿಡ್‌ನೊಡನೆ ಎಂದೂ ಬೆರೆಸಬೇಡಿರಿ. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಒಳಗೆಲ್ಲ ಬೂಷ್ಟು ಹಿಡಿದ ಹತ್ತಿಯ ಹಾಸಿಗೆಯನ್ನು ಆಸೆಪಡದೆ ಬಿಸಾಡಿರಿ. ಗೋಡೆ ಪೂರ್ತಿ ಒಣಗಿದ ಮೇಲೆ ಬಣ್ಣದ ಮಾತು. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಮಳೆ ಹೆಚ್ಚು. ಆದಕಾರಣ ಆಗಸ್ಟಿನ ಸೋರಿಕೆಯನ್ನು ಹಬ್ಬದವರೆಗೆ ಮುಂದೂಡುವುದು ತರವಲ್ಲ.

ಕೊನೆಯದಾಗಿ, ಮನೆ ಬಾಡಿಗೆಗೆ ಕೊಡುವವರಿಗೊಂದು ಮಾತು. ಬೆಂಗಳೂರಿನ ಬಾಡಿಗೆ ತಾಳಲಾರದೆ ನಮ್ಮ ಊರುಗಳಿಗೆ ಬರುವ ಚಿಕ್ಕ ಸಂಸಾರಗಳಿವೆ. ಒದ್ದೆ ಗೋಡೆಗೆ ಹೊಸ ಬಣ್ಣ ಬಳಿದು ಅವರ ಕೈಗೆ ಬೀಗದ ಕೈ ಕೊಡುವುದು ವ್ಯಾಪಾರವಲ್ಲ, ವಂಚನೆ. ಬಣ್ಣ ಕೆಲವು ತಿಂಗಳಲ್ಲಿ ಹಪ್ಪಳವಾಗಿ ಉದುರುತ್ತದೆ. ಆ ಮನೆಯ ಮಗುವಿಗೆ ಹಿಡಿದ ಉಬ್ಬಸ ಅಷ್ಟು ಸುಲಭವಾಗಿ ಬಿಡುವುದಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರು ಹಲವರಿದ್ದೀರಿ. ಬಣ್ಣದವನಿಗಿಂತ ಮೊದಲು ಗಾರೆಯವನನ್ನು ಕರೆಸಿರಿ.